ಗಡ್ಡೆಯ ಮೇಲೆ ಹೊರಿಸಿದ್ದು

ನಾಸಿಕದ ಆ ಬಾಡಿಗೆ ಮನೆಯಲ್ಲಿ ಊಟದ ಹೊತ್ತೆಂದರೆ ಜಗಳದ ಹೊತ್ತು. ನನ್ನ ಗಂಡ ತಾಟಿನ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಮುಖ ಕಿವುಚುತ್ತಿದ್ದ. "ಏನ್ ಮಾಡೀದಿ ಇದು? ದನಾ ಸುದಾ ಮೂಸಿ ನೋಡಂಗಿಲ್ಲ," ಎನ್ನುತ್ತಿದ್ದ. ಪುಂಡಿಪಲ್ಲೆ ಇರಲಿ, ಎಣ್ಣೆಗಾಯಿ ಇರಲಿ, ಅದೇ ಮಾತು. ನಾನು ಬೆಳ್ಳುಳ್ಳಿ ಹೆಚ್ಚು ಹಾಕಿ ನೋಡಿದೆ. ತವರಿನಿಂದ ಖಾರದಪುಡಿ ತರಿಸಿ ನೋಡಿದೆ. ಏನೂ ನಡೆಯಲಿಲ್ಲ. ಒಂದೊಂದು ದಿನ ತಾಟನ್ನು ದೂಡುತ್ತಿದ್ದ, ಒಂದೊಂದು ದಿನ ಎತ್ತಿ ಒಗೆಯುತ್ತಿದ್ದ. ಗೋಡೆಯ ಮೇಲಿನ ಎಣ್ಣೆ ಕಲೆ ಒರೆಸುತ್ತ ನಾನು ಬ್ಯಾಂಕಿಗೆ ತಡವಾಗಿ ಹೋಗುತ್ತಿದ್ದೆ.

ಅವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತಿದ್ದೇನೆ. ಎದುರಿಗೆ ಇವತ್ತಿನವರೆಗೂ 'ನೀವು', 'ಬರ್ರಿ', 'ಉಣ್ರಿ' ಎಂದೇ ಮಾತಾಡಿದ್ದೇನೆ. ಅದು ನಮ್ಮ ಕಡೆಯ ರೂಢಿ, ಅಷ್ಟೇ. ಬರೆಯುವಾಗ ಆ ರೂಢಿ ನನಗೆ ಬೇಕಿಲ್ಲ.

ನಾವಿಬ್ಬರೂ ಕಲಬುರಗಿ ಜಿಲ್ಲೆಯವರು. ಅವನದು ಕೇಂದ್ರ ಸರ್ಕಾರದ ಕಚೇರಿ, ನನ್ನದು ಬ್ಯಾಂಕು. ಅವನಿಗೆ ವರ್ಗವಾದ ಊರಿಗೆ ನಾನೂ ಅರ್ಜಿ ಹಾಕಿಕೊಂಡು ಹಿಂದಿನಿಂದ ಹೋಗಿ ಸೇರುತ್ತಿದ್ದೆ. ಮೊದಲು ಸೋಲಾಪುರ, ಆಮೇಲೆ ಪುಣೆ, ಆಮೇಲೆ ನಾಸಿಕ. ಸಾತಪುರದ ಕಾರ್ಖಾನೆಗಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಶಿಫ್ಟು ಬಿಡುವಾಗ ಹೊರಗೆ ದ್ವಿಚಕ್ರ ವಾಹನಗಳ ಸದ್ದು ಎಷ್ಟಿರುತ್ತಿತ್ತೆಂದರೆ ಒಳಗೆ ಅವನು ಬೈದದ್ದು ಪಕ್ಕದ ಮನೆಗೆ ಕೇಳಿಸುತ್ತಿರಲಿಲ್ಲ. ಆ ಮನೆಯಲ್ಲಿ ನನಗೆ ಸಿಕ್ಕಿದ್ದ ಸೌಕರ್ಯ ಅದೊಂದೇ. ಒಬ್ಬಳೇ ಮಗಳು, ಆಗ ಹೈಸ್ಕೂಲು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದದ್ದು ಮರಾಠಿ. ಅಪ್ಪನ ಬೈಗುಳಗಳನ್ನೆಲ್ಲ ಕನ್ನಡದಲ್ಲಿ ಕೇಳಿ, ಅಳುವುದನ್ನು ಮರಾಠಿಯಲ್ಲಿ ಕಲಿತ ಹುಡುಗಿ ಅವಳು.

ಕಚೇರಿಯಲ್ಲಿ ಮಾತ್ರ ಅವನಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬನಿಲ್ಲ ಎಂದು ಹೆಸರು. ಸಹೋದ್ಯೋಗಿಗಳ ಹೆಂಡಂದಿರು ನನಗೆ, "ನೀವು ಭಾಗ್ಯವಂತರು," ಎನ್ನುತ್ತಿದ್ದರು. ಅವನ ಅಕ್ಕನ ಮುಂದೆಯೂ ಅಷ್ಟೇ, ಬೆಣ್ಣೆ. ಆ ಅಕ್ಕ ಔರಂಗಾಬಾದಿನಲ್ಲಿದ್ದಳು, ಈಗ ಛತ್ರಪತಿ ಸಂಭಾಜಿನಗರ. ಬೀದರದಿಂದ ಹೋಗಿ ಅಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಗೆ ಕೊಟ್ಟಿದ್ದರು. ತಾಯಿಯಿಲ್ಲದ ತಮ್ಮನನ್ನು ಅವಳೇ ಸಾಕಿದ್ದಳು. ಅವಳ ಲೆಕ್ಕದಲ್ಲಿ ಅವನು ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ನಾವು ಸೋಲಾಪುರದಲ್ಲಿದ್ದಾಗ, ಮದುವೆಯಾದ ಹೊಸತರಲ್ಲಿ, ನನ್ನ ಅಪ್ಪ ತೀರಿಕೊಂಡರು. ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದಾಗ ಫೋನು ಬಂತು. ಅವನು ಎತ್ತಿದ. ಅಂದು ಅವನ ಮೇಲಧಿಕಾರಿ ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಅವನು ಸುದ್ದಿಯನ್ನು ನುಂಗಿಕೊಂಡ. ನಾನು ಹೋಳಿಗೆ ಮಾಡಿದೆ, ಬಡಿಸಿದೆ, ಅತಿಥಿಗಳ ಮಾತಿಗೆ ನಕ್ಕೆ. ಅವರು ಎದ್ದು ಹೋದ ಮೇಲೆ ಅವನು ಚಪ್ಪಲಿ ಹಾಕಿಕೊಳ್ಳುತ್ತ, "ನಿಮ್ಮಪ್ಪ ಹೋಗ್ಯಾರಂತ, ಮುಂಜಾನಿ ಫೋನ್ ಬಂದಿತ್ತು," ಎಂದ. ಸೋಲಾಪುರದಿಂದ ಕಲಬುರಗಿ ಎಷ್ಟು ದೂರ? ಬೆಳಿಗ್ಗೆಯೇ ಹೇಳಿದ್ದರೆ ಮಣ್ಣಿಗೆ ಮುಟ್ಟುತ್ತಿದ್ದೆ. ನಾನು ತಲುಪುವಾಗ ಎಲ್ಲ ಮುಗಿದಿತ್ತು.

ನಾಸಿಕಕ್ಕೆ ಬಂದ ಕೆಲವು ವರ್ಷಗಳಿಗೆ ಅವನಲ್ಲಿ ಬೇರೆಯೇ ಬದಲಾವಣೆಗಳು ಕಾಣತೊಡಗಿದವು. ಸ್ನಾನ ಮಾಡದೆ ಎರಡು ಮೂರು ದಿನ ಇದ್ದುಬಿಡುತ್ತಿದ್ದ. ಟಿವಿಯಲ್ಲಿ ಅಪಘಾತದ ಸುದ್ದಿ ಬಂದರೆ ಗಹಗಹಿಸಿ ನಗುತ್ತಿದ್ದ. ಒಂದು ಸಂಜೆ ನಾನು ಬ್ಯಾಂಕಿನಿಂದ ಬಂದು ಬಾಗಿಲು ತೆರೆದರೆ ಮನೆ ತುಂಬ ಗ್ಯಾಸಿನ ನಾತ. ಒಲೆಯ ಗುಂಡಿ ತಿರುಗಿಸಿ ಬಿಟ್ಟಿತ್ತು, ಬೆಂಕಿ ಹತ್ತಿರಲಿಲ್ಲ. ಅವನು ಅಡುಗೆಮನೆಯಲ್ಲಿಯೇ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ.

"ನಾತ ಬರ್ಲತ್ತಿಲ್ಲೇನ್ರಿ?" ಎಂದು ಕೂಗಿ ಕಿಟಕಿಗಳನ್ನೆಲ್ಲ ತೆರೆದೆ.

"ಯಾವ ನಾತ? ನಿನಗ ತಲಿ ಸರಿ ಇಲ್ಲ," ಎಂದ. ಪೇಪರಿನಿಂದ ಕಣ್ಣೆತ್ತಲಿಲ್ಲ.

ನಾನು ಮತ್ತು ಮಗಳು ಸಾಯಲಿ ಎಂದೇ ಮಾಡಿದ್ದಾನೆ ಎಂದುಕೊಂಡೆ. ಅವತ್ತು ಅವನ ಬಗ್ಗೆ ನನಗಿದ್ದ ನಂಬಿಕೆ ಅಷ್ಟು.

ಕೊನೆಗೆ ಕಚೇರಿಯಲ್ಲೂ ಆ ಮೆತ್ತಗಿನ ಮನುಷ್ಯ ಕೆಟ್ಟ. ಹೆಣ್ಣುಮಕ್ಕಳ ಎದುರು ಹೊಲಸು ಮಾತಾಡಿದ, ಮೀಟಿಂಗಿನ ನಡುವೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅವನ ಅಧಿಕಾರಿ ನನ್ನನ್ನು ಕರೆಸಿದರು. ಮರಾಠಿ ಮನುಷ್ಯ, ಒಳ್ಳೆಯವರು. "ಮ್ಯಾಡಂ, ಇವರು ಮೊದಲು ಹೀಗಿರಲಿಲ್ಲ. ತಲೆಯ ಡಾಕ್ಟರಿಗೆ ತೋರಿಸಿ," ಎಂದರು. ಮನೆಯಲ್ಲಿ ಇಷ್ಟು ವರ್ಷ ನಡೆದದ್ದಕ್ಕೆ ಯಾರೂ ಡಾಕ್ಟರನ್ನು ನೆನೆಸಿರಲಿಲ್ಲ. ಕಚೇರಿಯ ಮೇಜಿನ ಮೇಲೆ ನಿದ್ದೆ ಮಾಡಿದ ಕೂಡಲೇ ಅದು ಕಾಯಿಲೆಯಾಯಿತು.

ನರಗಳ ಡಾಕ್ಟರು ಎಂಆರ್‌ಐ ಬರೆದುಕೊಟ್ಟರು, ಕಾಂಟ್ರಾಸ್ಟ್ ಸಹಿತ, ಎಂದರೆ ಚಿತ್ರ ಎದ್ದು ಕಾಣಲು ನರಕ್ಕೆ ಒಂದು ಔಷಧಿ ಚುಚ್ಚಿ. ಮೂತ್ರಪಿಂಡ ಸರಿಯಿದೆಯೇ ಎಂದು ಮೊದಲು ರಕ್ತ ಪರೀಕ್ಷೆಯಾಯಿತು. ಆ ಔಷಧಿ ಮೂತ್ರದಲ್ಲೇ ಹೊರಗೆ ಹೋಗಬೇಕಂತೆ. ಸ್ಕ್ಯಾನ್ ಸೆಂಟರಿನಲ್ಲಿ ಒಬ್ಬ ಹೆಣ್ಣುಮಗಳು ಟೆಕ್ನಿಷಿಯನ್. ಮೈಮೇಲಿನ ಲೋಹದ್ದೆಲ್ಲ ತೆಗೆಯಬೇಕು ಎಂದಳು. ಗಡಿಯಾರ, ಬೆಲ್ಟು ತೆಗೆದ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಅವಳು ಕೈ ತೋರಿಸಿದ್ದೇ ತಡ, ಅವನು ರೇಗಿದ. "ಇದು ಲಿಂಗ ಅದ. ಮುಟ್ಟಿದ್ರ ಕೈ ಮುರಿತೀನಿ!" ಎಂದು ಕನ್ನಡದಲ್ಲಿ ಅರಚಿದ. ಅವಳಿಗೆ ಅರ್ಥವಾಗದೆ ನನ್ನ ಮುಖ ನೋಡಿದಳು. ಆ ಕರಡಿಗೆಯನ್ನು ಬಿಚ್ಚಿ ಪೂಜೆ ಮಾಡಿ ಎಷ್ಟು ವರ್ಷಗಳಾಗಿದ್ದವೋ. ನಾನೇ ಅದನ್ನು ತೆಗೆದು ನನ್ನ ಕೈಚೀಲದಲ್ಲಿಟ್ಟುಕೊಂಡೆ. ನನ್ನ ಕೈಗೆ ಉಗುರಿನಿಂದ ಗೀರಿದ. ರಕ್ತ ಬಂತು. ಅವನ ತೋಳಿಗೆ ಸೂಜಿ ಚುಚ್ಚಲು ತಂದ ಹತ್ತಿಯಲ್ಲೇ ನನ್ನ ಕೈಯನ್ನೂ ಆ ಹುಡುಗಿ ಒರೆಸಿದಳು.

ಒಳಗೆ ಯಂತ್ರ ಕಲ್ಲು ಕುಟ್ಟಿದಂತೆ ಕುಟ್ಟುತ್ತಿತ್ತು. ನಾನು ಹೊರಗೆ ಕೂತು, ಇದರಲ್ಲಿ ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವನ ಆರೋಗ್ಯಕ್ಕಾಗಿ ಬೇಡಿಕೊಂಡೆ ಎಂದು ಯಾರೂ ತಿಳಿಯಬಾರದು. ಏನಾದರೂ ಸಿಕ್ಕರೆ ಅವನು ರೋಗಿಯಾಗುತ್ತಾನೆ, ನಾನು ರೋಗಿಯ ಹೆಂಡತಿಯಾಗುತ್ತೇನೆ. ಆಮೇಲೆ ನನ್ನ ಸಿಟ್ಟಿಗೆ ಯಾರ ಮನೆಯಲ್ಲೂ ಜಾಗವಿರುವುದಿಲ್ಲ. ಅದು ನನಗೆ ಅಲ್ಲೇ, ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಗೊತ್ತಾಗಿತ್ತು.

ಸಿಕ್ಕಿತು. ರೇಡಿಯಾಲಜಿಸ್ಟ್ ನನ್ನನ್ನು ಒಳಗೆ ಕರೆದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಸೂಜಿಗೆ ಮುಂಚಿನದರಲ್ಲಿ ನನ್ನ ಕಣ್ಣಿಗೆ ಎಲ್ಲ ಒಂದೇ ಬೂದಿ ಬಣ್ಣ. ಸೂಜಿಯ ನಂತರದ್ದರಲ್ಲಿ, ಮೂಗಿನ ಮೇಲೆ, ಎರಡು ಕಣ್ಣುಗಳ ನಡುವಿನಿಂದ ಮೇಲಕ್ಕೆ, ಸುಣ್ಣದ ಉಂಡೆ ಇಟ್ಟಂತೆ ಬೆಳ್ಳಗೆ ಒಂದು ಗಡ್ಡೆ. ಸಣ್ಣ ಮೋಸಂಬಿಯಷ್ಟು.

"ಮಿದುಳಿನ ರಕ್ತನಾಳಗಳಿಗೆ ಒಂದು ಬಿಗಿಯಾದ ತಡೆ ಇರುತ್ತದೆ," ಎಂದು ಅವರು ಮರಾಠಿಯಲ್ಲಿ ಬಿಡಿಸಿ ಹೇಳಿದರು. "ಈ ಔಷಧಿ ಆ ತಡೆ ದಾಟಿ ಮಿದುಳಿನೊಳಗೆ ಇಳಿಯುವುದಿಲ್ಲ. ಆದರೆ ಈ ಗಡ್ಡೆ ಮಿದುಳಿನದಲ್ಲ, ಮಿದುಳಿನ ಹೊದಿಕೆಯಿಂದ ಹುಟ್ಟಿದ್ದು. ಇದಕ್ಕೆ ಆ ತಡೆ ಇಲ್ಲ. ಔಷಧಿ ಇಲ್ಲಿ ನುಗ್ಗಿ ನಿಲ್ಲುತ್ತದೆ, ಹಾಗಾಗಿ ಬೆಳ್ಳಗೆ ಕಾಣುತ್ತದೆ." ಆಮೇಲೆ ಕೇಳಿದರು, "ಇವರಿಗೆ ವಾಸನೆ ತಿಳಿಯುತ್ತದೆಯೇ?"

ಗ್ಯಾಸಿನ ಸಂಜೆಯನ್ನು ಹೇಳಿದೆ. ಅವರು ತಲೆಯಾಡಿಸಿದರು. ಗಡ್ಡೆ ವಾಸನೆಯ ನರಗಳನ್ನು ಒತ್ತಿ ಕೊಂದಿದೆ, ವಾಸನೆ ಹೋದರೆ ಊಟಕ್ಕೂ ರುಚಿ ಇರುವುದಿಲ್ಲ, ಮುಂದಲೆಯ ಮಿದುಳು ಒತ್ತಿಹೋದರೆ ಸ್ವಭಾವವೂ ಕೆಡುತ್ತದೆ ಎಂದರು.

"ಎಷ್ಟು ವರ್ಷದಿಂದ ಬೆಳೆಯುತ್ತಿರಬಹುದು?" ಎಂದೆ.

"ಹೇಳಲಾಗದು. ಬಹಳ ನಿಧಾನ ಬೆಳೆಯುವ ಜಾತಿ ಇದು. ಹತ್ತು ವರ್ಷವೂ ಇರಬಹುದು, ಹೆಚ್ಚೂ ಇರಬಹುದು."

ಆ 'ಹೆಚ್ಚೂ ಇರಬಹುದು' ಎಂಬ ಮಾತು ಆಮೇಲೆ ನನ್ನ ಬಾಳಿನಲ್ಲಿ ಮಾಡಿದ ಅನಾಹುತ ಅಷ್ಟಿಷ್ಟಲ್ಲ.

ಮರುದಿನವೇ ಅವನ ಅಕ್ಕ ಬಸ್ಸು ಹತ್ತಿ ಬಂದಿಳಿದಳು. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ತಮ್ಮನ ತಲೆ ಸವರುತ್ತ ಗೋಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ನೋಡಿದಿಲ್ಲವಾ? ನಮ್ಮ ತಮ್ಮಗ ಮೂಗು ಸತ್ತಿತ್ತು. ಅದಕ್ಕ ನಿನ್ನ ಅಡಿಗಿ ಸೇರ್ತಿದ್ದಿಲ್ಲ. ನೀ ಮಂದಿ ಮುಂದ ಅವನ್ನ ರಾಕ್ಷಸ ಮಾಡಿದಿ."

"ರುಚಿ ಹತ್ಲಿಲ್ಲಂದ್ರ ತಾಟು ದೂಡಬಹುದು, ಅಕ್ಕಾರ. ನನ್ನ ಮಾರಿಗೆ ಯಾಕ ಒಗೀಬೇಕು?"

"ಅವ ಒಗದಿಲ್ಲ. ಅದು ಒಗದದ," ಎಂದು ಅವಳು ಫಿಲ್ಮಿನ ಮೇಲೆ ಬೆರಳಿಟ್ಟಳು.

"ನಿಮ್ಮ ಮನಿಗಿ ಬಂದಾಗ ಅದು ಎಲ್ಲಿಗಿ ಹೋಗಿರ್ತಿತ್ತು? ಅಲ್ಲಿ ಒಮ್ಮಿಯರೆ ಒಗದದೇನು?"

ಅವಳು ಫಿಲ್ಮನ್ನು ಕವರಿಗೆ ತುರುಕಿದಳು. ನನ್ನನ್ನು ಕಲ್ಲುಮನಸ್ಸಿನವಳು ಎಂದು ಅಲ್ಲಿಂದಲೇ ನೆಂಟರಿಗೆಲ್ಲ ಫೋನು ಮಾಡಲು ಶುರು ಮಾಡಿದಳು. ನನ್ನ ಸ್ವಂತ ತಾಯಿ ಕಲಬುರಗಿಯಿಂದ ಫೋನು ಮಾಡಿ, "ಬ್ಯಾನಿ ಮನಶ್ಯಾ ಅದಾನವಾ, ಹೊಟ್ಯಾಗ ಹಾಕೊ," ಎಂದಳು. ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡದ್ದರ ಮೇಲೆ ಇನ್ನೂ ಹಾಕಿಕೊಳ್ಳಬೇಕಿತ್ತು.

ಶಸ್ತ್ರಚಿಕಿತ್ಸೆ ಸಂಭಾಜಿನಗರದಲ್ಲಿ ಎಂದು ಅಕ್ಕನೇ ತೀರ್ಮಾನಿಸಿದಳು. ನಾನು ರಜೆ ಹಾಕಿ, ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಹೋದೆ. ಖಾಸಗಿ ಆಸ್ಪತ್ರೆ. ತಲೆಬುರುಡೆಯ ಮುಂಭಾಗ ತೆರೆದು ಗಡ್ಡೆಯನ್ನು ತುಣುಕು ತುಣುಕಾಗಿ ತೆಗೆದರು. ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ಅಲ್ಲಿದ್ದಷ್ಟು ದಿನ ಅವಳ ಮನೆಯಲ್ಲಿ ನನಗೆ ಊಟಕ್ಕೆ ಬಾ ಎಂದು ಯಾರೂ ಕರೆಯಲಿಲ್ಲ. ಎಲ್ಲರೂ ಉಂಡ ಮೇಲೆ ಪಾತ್ರೆಗಳನ್ನು ಮುಚ್ಚಿಟ್ಟು, "ಉಣ್ಣಾದಿದ್ರ ಉಣ್ಣು," ಎನ್ನುತ್ತಿದ್ದಳು. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವಲಕ್ಕಿಯ ಪೋಹೆ ತಿಂದು ದಿನ ಕಳೆದೆ. ಅವನ ಮಲಮೂತ್ರ ಮಾತ್ರ ನನ್ನ ಪಾಲಿಗೇ ಇತ್ತು. ಆ ಕೆಲಸಕ್ಕೆ ನಾನು ಹೆಂಡತಿ.

ನಾಸಿಕಕ್ಕೆ ಮರಳಿದ ಮೇಲೆ ಅವನು ಕೆಲವು ತಿಂಗಳು ಸುಮ್ಮನಿದ್ದ. ನಿಶ್ಶಕ್ತಿ. ಬೋಳು ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಹೊಲಿಗೆಯ ಗೆರೆ. ನೋಡಲು ಬಂದವರೆಲ್ಲ, "ಮರುಹುಟ್ಟು, ಮರುಹುಟ್ಟು," ಎನ್ನುತ್ತಿದ್ದರು. ಅವನು ಅವರಿಗೆಲ್ಲ ಗಡ್ಡೆಯ ಕಥೆಯನ್ನು ಹಬ್ಬದ ಕಥೆ ಹೇಳಿದಂತೆ ಹೇಳುತ್ತಿದ್ದ. ಅಷ್ಟು ದೊಡ್ಡದಿತ್ತು, ಇಷ್ಟು ಬೆಳ್ಳಗಿತ್ತು, ಅದೇ ನನ್ನಿಂದ ಎಲ್ಲ ಮಾಡಿಸುತ್ತಿತ್ತು. "ನಾ ಅಲ್ಲ, ಅದು," ಎನ್ನುವುದು ಅವನ ಬಾಯಿಪಾಠವಾಯಿತು. ಒಮ್ಮೆಯೂ, ತಪ್ಪಿಯೂ, ನನ್ನನ್ನು ಕ್ಷಮಿಸು ಎನ್ನಲಿಲ್ಲ. ಯಾಕೆ ಅನ್ನಬೇಕು? ತಪ್ಪು ಮಾಡಿದ್ದನ್ನು ಆಸ್ಪತ್ರೆಯವರು ತೆಗೆದು ಬಕೆಟ್ಟಿಗೆ ಹಾಕಿದ್ದರಲ್ಲ.

ಒಂದು ಭಾನುವಾರ ಅವನಿಗೆ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಯಾರೋ ಬಂದು ಹೋಗಿದ್ದರು, ಅದೇ ಕಥೆ ಇನ್ನೊಮ್ಮೆ ನಡೆದಿತ್ತು. ನನಗೆ ತಡೆಯಲಾಗಲಿಲ್ಲ.

"ನಮ್ಮಪ್ಪ ಸತ್ತ ಸುದ್ದಿ ಮುಚ್ಚಿಟ್ರೆಲ್ಲಾ ಸೋಲಾಪುರದಾಗ, ಅದೂ ಗಡ್ಡಿ ಮಾಡಿದ್ದೇನ್ರಿ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. ನಿಜಕ್ಕೂ ಯೋಚಿಸಿದ, ಕಣ್ಣು ಕಿರಿದು ಮಾಡಿ. ಆಮೇಲೆ, "ಇರಬೇಕು," ಎಂದ.

ನಾನು ಎಣ್ಣೆಯ ಬಟ್ಟಲನ್ನು ಅಲ್ಲೇ ಇಟ್ಟು ಎದ್ದೆ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಅಪ್ಪನ ಸಾವಿನ ಸಿಟ್ಟೊಂದೇ ನಾನು ಯಾರಿಗೂ ಹೇಳದೆ ನನಗಾಗಿ ಇಟ್ಟುಕೊಂಡದ್ದು. ಅದನ್ನೂ ಅವನು ಕಿತ್ತುಕೊಂಡು ಗಡ್ಡೆಯ ಮೇಲೆ ಹೊರಿಸಿದ್ದ.

ಶಕ್ತಿ ಬಂದಂತೆ ಅವನೂ ಮರಳಿ ಬಂದ. ಕಚೇರಿಯಲ್ಲಿ ಪುನಃ ಮೆತ್ತಗಿನ ಮನುಷ್ಯನಾದ, ನಿದ್ದೆಯಿಲ್ಲ, ಹೊಲಸು ಮಾತಿಲ್ಲ. ಅಷ್ಟರಮಟ್ಟಿಗೆ ಡಾಕ್ಟರ ಕೆಲಸ ಚೊಕ್ಕವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಮಾತ್ರ ಹಳೆಯ ದಿನಗಳೇ. ಬೈಗುಳ, ತಾಟು, ಬಾಗಿಲು ಬಡಿಯುವುದು. ಒಂದು ವ್ಯತ್ಯಾಸವಿತ್ತು. ಮೊದಲು ಬೈದು ಹೊರಗೆ ಹೋಗುತ್ತಿದ್ದವನು, ಈಗ ಬೈದು ಮುಗಿಸಿ ಹಣೆಯನ್ನು ಒತ್ತಿಕೊಳ್ಳುತ್ತಿದ್ದ.

ಹನ್ನೊಂದನೇ ತರಗತಿಗೆ ಮಗಳು ವಿಜ್ಞಾನ ಬೇಡ, ಕಲಾ ವಿಭಾಗ ಬೇಕು ಎಂದ ದಿನ ಅವನು ನೀರಿನ ಹಿತ್ತಾಳೆ ಚೊಂಬನ್ನು ಬೀಸಿ ಒಗೆದ. ಅದು ಅವಳ ಹುಬ್ಬಿನ ಮೇಲೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ನಾನು ಓಡಿಬಂದು ಸೆರಗು ಒತ್ತಿ ಹಿಡಿದಾಗ ಅವನು ಹಣೆ ಹಿಡಿದುಕೊಂಡು ಸೋಫಾದಲ್ಲಿ ಕುಸಿದಿದ್ದ. "ಅದು ತಿರಗಿ ಬಂದದ," ಎನ್ನುತ್ತಿದ್ದ. "ನನಗ ಗೊತ್ತದ, ಅದು ತಿರಗಿ ಬೆಳದದ."

ಡಾಕ್ಟರಲ್ಲಿ ಮಗಳ ಹುಬ್ಬಿಗೆ ಹೊಲಿಗೆ ಹಾಕಿಸಿದೆ. ಅವನ ಅಕ್ಕ ಫೋನಿನಲ್ಲಿ, "ಲಗೂ ಕರಕೊಂಡು ಬಾ, ಸ್ಕ್ಯಾನ್ ಮಾಡಸೋಣು," ಎಂದಳು. ನಾನು ಒಲ್ಲೆ ಎನ್ನಲಿಲ್ಲ. ಈ ಸಲ ನನಗೂ ನೋಡಬೇಕಿತ್ತು. ನಾವು ಮೂವರೂ ಸಂಭಾಜಿನಗರದ ಬಸ್ಸು ಹತ್ತಿದೆವು. ನಿಫಾಡದ ದ್ರಾಕ್ಷಿ ತೋಟಗಳನ್ನು ದಾಟುವವರೆಗೂ ಅವನು ಹಣೆ ಒತ್ತಿಕೊಳ್ಳುತ್ತಲೇ ಕೂತಿದ್ದ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಹೋದ.

ಅಲ್ಲಿನ ರೇಡಿಯಾಲಜಿಸ್ಟ್ ವಯಸ್ಸಾದವರು, ಮಾತು ಕಡಿಮೆ. ನಾನು ಒಳಗೆ ಕೂತು ನೋಡಬಹುದೇ ಎಂದು ಕೇಳಿದಾಗ ಒಂದು ಕ್ಷಣ ನೋಡಿ, ಗಾಜಿನ ಈಚೆಯ ಕೋಣೆಯಲ್ಲಿ ಕುರ್ಚಿ ತೋರಿಸಿದರು. ಅಕ್ಕನೂ ನನ್ನ ಹಿಂದೆ ನುಗ್ಗಿ ನಿಂತಳು. ಗಾಜಿನ ಆಚೆ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಟೆಕ್ನಿಷಿಯನ್ ಮೈಕಿನಲ್ಲಿ, "ಹಲೂ ನಕಾ," ಅಲುಗಾಡಬೇಡಿ, ಎಂದ. ಮೊದಲು ಔಷಧಿಯಿಲ್ಲದ ಚಿತ್ರಗಳಾದವು. ಗಡ್ಡೆಯಿದ್ದ ಕಡೆ ಕಪ್ಪು ಹಳ್ಳ, ಅದರಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಆಮೇಲೆ ಔಷಧಿ ಹೊರಟಿತು.

ನಾನು ಪರದೆಗೆ ಮುಖ ತಾಗುವಷ್ಟು ಬಾಗಿದ್ದೆ. ತಲೆಯ ಮೇಲ್ತುದಿಯ ದೊಡ್ಡ ನಾಳ ಬೆಳ್ಳಗಾಯಿತು. ಮೂಗಿನ ಒಳಪದರ ಬೆಳ್ಳಗಾಯಿತು. "ಅದು ಎಲ್ಲರಿಗೂ ಆಗುತ್ತದೆ," ಎಂದರು ಡಾಕ್ಟರು. ಚಿತ್ರಗಳು ಒಂದರ ಮೇಲೊಂದು ಬಂದವು. ಹಳ್ಳ ಕಪ್ಪಗೇ ಇತ್ತು. ಅದರ ಅಂಚು ಕಪ್ಪು. ಸುತ್ತಲಿನ ಮಿದುಳು ಬೂದಿ. ಎಲ್ಲಿಯೂ ಬಿಳಿಯ ಒಂದು ಚುಕ್ಕೆ ಹತ್ತಲಿಲ್ಲ.

"ಸ್ವಚ್ಛ ಇದೆ. ಏನೂ ಬೆಳೆದಿಲ್ಲ," ಎಂದರು.

"ಸರಿಯಾಗಿ ನೋಡಿ, ಡಾಕ್ಟರ್ ಸಾಹೇಬ," ಎಂದಳು ಅಕ್ಕ ಮರಾಠಿಯಲ್ಲಿ. "ಅವನ ಸಿಟ್ಟು ಪುನಃ ಬಂದಿದೆ."

"ಸಿಟ್ಟು ಈ ಔಷಧಿಗೆ ಕಾಣುವುದಿಲ್ಲ, ತಾಯಿ. ಗಡ್ಡೆ ಇದ್ದರೆ ಕಾಣುತ್ತದೆ. ಇಲ್ಲ. ಮುಂದಲೆ ಬಹಳ ಕಾಲ ಒತ್ತಿದ್ದರಿಂದ ಸ್ವಲ್ಪ ಸಿಡುಕು ಉಳಿದಿದ್ದರೂ ಉಳಿದಿರಬಹುದು. ಇಲ್ಲವೇ ಅದು ಅವರ ಸ್ವಭಾವವೇ ಇರಬಹುದು. ಅದನ್ನು ನಾನು ಇದರಲ್ಲಿ ನೋಡಿ ಹೇಳಲಾರೆ."

ಅವನು ಬಟ್ಟೆ ಬದಲಿಸಿ ಹೊರಗೆ ಬಂದ. ನಮ್ಮ ಮುಖಗಳನ್ನು ನೋಡಿ, "ಎಷ್ಟು ದೊಡ್ಡದದ?" ಎಂದ. ಡಾಕ್ಟರು ಏನೂ ಇಲ್ಲ ಎಂದಾಗ ಅವನ ಮುಖ ಬಿಳಿಚಿತು. ಅಂಥ ಮಾತು ಕೇಳಿ ಖುಷಿಪಡದ ರೋಗಿಯನ್ನು ಆ ಡಾಕ್ಟರು ಅದುವರೆಗೆ ಕಂಡಿದ್ದರೋ ಇಲ್ಲವೋ. ಅವನು ಎರಡೂ ಕೈ ಮುಗಿದು, "ಇನ್ನೊಮ್ಮೆ ತೆಗೀರಿ ಡಾಕ್ಟರ್. ಔಷಧಿ ಕಡಿಮಿ ಬಿದ್ದಿರಬೇಕು. ಇರ್ತದ ನೋಡ್ರಿ, ಇರಲೇಬೇಕು," ಎಂದ, ಕನ್ನಡದಲ್ಲೇ, ಆ ಮನುಷ್ಯನಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು.

ಅವನಿಗೆ ಗೊತ್ತಿತ್ತು. ಅವನ ಆ ಕೈ ಮುಗಿದ ಭಂಗಿಯಲ್ಲಿ ನನಗೆ ಅದು ಕಂಡಿತು. ಚೊಂಬು ಒಗೆದದ್ದು ಯಾರು ಎಂಬುದು ಅವನಿಗೆ ಗೊತ್ತಿತ್ತು, ಹಾಗಾಗಿಯೇ ಗಡ್ಡೆ ಬೇಕಿತ್ತು. ಕನಿಕರ ಬರಬಹುದಾಗಿದ್ದ ಕ್ಷಣ ಅದು. ನನಗೆ ಬರಲಿಲ್ಲ.

ಹೊರಗೆ ಬೆಂಚಿನ ಮೇಲೆ ಮಗಳು ಹುಬ್ಬಿನ ಮೇಲೆ ಪಟ್ಟಿಯೊಂದಿಗೆ ಕೂತಿದ್ದಳು. ನಾನು ಅಕ್ಕನಿಗೆ ಹೇಳಿದೆ, "ಇವರು ನಿಮ್ಮ ಮನ್ಯಾಗ ಇರ್ಲಿ. ನಾವಿಬ್ಬರೂ ಹೊಂಟೀವಿ."

"ಬ್ಯಾನಿ ಮನಶ್ಯಾನ್ನ ಹಿಂಗ ನಡುದಾರ್ಯಾಗ ಬಿಟ್ಟು ಹೋಗ್ತಾರೇನ? ನಾಚಿಕಿ ಬರಂಗಿಲ್ಲ ನಿನಗ?"

"ಬ್ಯಾನಿ ಹೋಗ್ಯಾದಂತ ಈಗ ನಿಮ್ಮ ಮುಂದೇ ಹೇಳ್ಯಾರಲ್ಲ ಅಕ್ಕಾರ. ನಾ ಬ್ಯಾನಿ ಮನಶ್ಯಾನ್ನ ಬಿಟ್ಟಿಲ್ಲ. ಬ್ಯಾನಿ ಇದ್ದಾಗ ಹೇಲು ಉಚ್ಚಿ ಬಳದೀನಿ."

ಅವಳು ಮಗಳ ಕೈ ಹಿಡಿದಳು. "ನೀನರೆ ಹೇಳವಾ ನಿಮ್ಮ ಅವ್ವಗ. ಅಪ್ಪಾ ಅಲ್ಲೇನು?"

ಮಗಳು ಕೈ ಬಿಡಿಸಿಕೊಂಡಳು. "ಆತ್ಯಾ, ಪಪ್ಪಾ ಇದ್ರ ಮೀ ಘರೀ ಯೇಣಾರ್ ನಾಹಿ," ಎಂದಳು. ಅಪ್ಪ ಇದ್ದರೆ ನಾನು ಮನೆಗೆ ಬರುವುದಿಲ್ಲ. ಅರ್ಧ ಕನ್ನಡ, ಅರ್ಧ ಮರಾಠಿ. ಅವಳ ಬಾಯಿಂದ ಅಪ್ಪನ ವಿರುದ್ಧ ಬಂದ ಮೊದಲ ಮಾತು ಅದು.

ಅವನು ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಹತ್ತಿರ ಬಂದು ಹೊಡೆಯಬಹುದು ಎಂದುಕೊಂಡೆ. ಆದರೆ ಅಕ್ಕ ಇದ್ದಳಲ್ಲ. ಅಕ್ಕನ ಮುಂದೆ ಅವನು ಯಾವತ್ತೂ ಕೈ ಎತ್ತಿದವನಲ್ಲ. ನಾವು ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದೆವು.

ಅವನು ಅಲ್ಲಿಗೇ ವರ್ಗ ಮಾಡಿಸಿಕೊಂಡ. ನೆಂಟರು ನನ್ನನ್ನು ಮದುವೆಗಳಿಗೆ ಕರೆಯುವುದನ್ನು ಬಿಟ್ಟರು. ನಾಸಿಕದಲ್ಲಿದ್ದ ನಮ್ಮ ಕಡೆಯ ಒಂದೆರಡು ಕುಟುಂಬದವರು ರಸ್ತೆಯಲ್ಲಿ ಕಂಡರೆ ಗಾಡಿ ತಿರುಗಿಸುತ್ತಿದ್ದರು. ನಾನೂ ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಬ್ಯಾಂಕಿನಲ್ಲಿ ಕೌಂಟರಿನ ಎದುರು ನಿಂತು ನಮಸ್ಕಾರ ಅಂದ ನಮ್ಮೂರಿನವರೊಬ್ಬರಿಗೆ ನಾನು ಮರಾಠಿಯಲ್ಲೇ ಉತ್ತರ ಕೊಟ್ಟು ಕಳಿಸಿದ್ದುಂಟು. ಮಗಳು ಕಲಾ ವಿಭಾಗ ಓದಿದಳು, ಆಮೇಲೆ ಕಾನೂನು.

ಅಲ್ಲಿ ವರ್ಷ ವರ್ಷ ಅವನಿಗೆ ಸ್ಕ್ಯಾನ್ ನಡೆಯುತ್ತಲೇ ಇತ್ತು, ಪ್ರತಿ ಸಲವೂ ಔಷಧಿ ಸಹಿತ. ಅಂಥ ಗಡ್ಡೆ ಮರಳಿ ಬಂದರೂ ಬರಬಹುದು ಎಂದು ಡಾಕ್ಟರೇ ಹೇಳಿದ್ದರು. ಕೆಲವು ವರ್ಷಗಳಾದ ಮೇಲೆ, ಒಂದು ಸಲದ ಸ್ಕ್ಯಾನಿನಲ್ಲಿ, ಆ ದಿನದ ಔಷಧಿ ಹಾಕುವ ಮೊದಲೇ ಅವನ ತಲೆಯ ಹಿಂಭಾಗದಲ್ಲಿ, ಕಿರಿಮಿದುಳಿನ ಒಳಗೆ, ಎರಡು ಬದಿಗೂ ಮಂಕಾಗಿ ಬೆಳ್ಳಗೆ ಕಂಡಿತಂತೆ. ಹಿಂದಿನ ವರ್ಷಗಳ ಔಷಧಿಯ ಅಂಶ ಚೂರು ಚೂರು ಅಲ್ಲಿ ನಿಂತಿದೆ, ಪದೇ ಪದೇ ತೆಗೆದುಕೊಂಡವರಲ್ಲಿ ಹೀಗೆ ಕಾಣುತ್ತದೆ, ಇದರಿಂದ ತೊಂದರೆಯಾದದ್ದು ಯಾರಲ್ಲೂ ಕಂಡಿಲ್ಲ, ಆದರೂ ಇನ್ನು ಮುಂದೆ ಬೇರೆ ಬಗೆಯ ಔಷಧಿ ಬಳಸೋಣ ಎಂದರಂತೆ ಡಾಕ್ಟರು. ಇದನ್ನೆಲ್ಲ ನನಗೆ ಹೇಳಿದ್ದು ಅವನೇ. ಬಿಟ್ಟು ಬಂದ ಮೇಲೆ ಅವನು ತಾನಾಗಿ ಫೋನು ಮಾಡಿದ್ದು ಅದೇ ಮೊದಲು.

"ತಿಳೀತಿಲ್ಲ?" ಎಂದ. ದನಿಯಲ್ಲಿ ಗೆದ್ದವನ ಉತ್ಸಾಹ. "ಅವರು ಹಾಕಿದ ಔಷಧಿ ನನ್ನ ತಲ್ಯಾಗೇ ಉಳದದ. ಅದಕ್ಕೇ ನನಗ ಸಿಟ್ಟು ಹೋಗವಲ್ಲದು."

"ಡಾಕ್ಟರ್ ಹಂಗಂದ್ರೇನು?"

"ಡಾಕ್ಟರಿಗೇನು ತಿಳೀತದ? ತಲಿ ನಂದದ."

ನನಗೆ ನಗು ಬಂತು. ಅವನ ಜೊತೆ ಬದುಕಿದ ವರ್ಷಗಳಲ್ಲಿ ಬಾರದ ನಗು. "ಮದ್ಲ ಗಡ್ಡಿ ಇತ್ತು, ಈಗ ಔಷಧಿ ಬಂತು," ಎಂದೆ. "ನಿಮ್ಮ ತಲ್ಯಾಗ ನೀವು ಯಾವಾಗ ಇದ್ರಿ?"

ಅವನು ಒಂದು ಕೆಟ್ಟ ಮಾತು ಬೈದು ಫೋನು ಇಟ್ಟ. ನಾನು ಆ ನಂಬರಿನ ಕರೆ ಬಾರದಂತೆ ಮಾಡಲು ಮಗಳಿಗೆ ಫೋನು ಕೊಟ್ಟೆ. ಅವಳು ಏನೂ ಕೇಳದೆ ಮಾಡಿಕೊಟ್ಟಳು.

ಮಗಳು ದೀಪಾವಳಿಯ ಮರುವಾರ ಅವನನ್ನು ನೋಡಲು ಹೋಗಿ ಬರುತ್ತಾಳೆ. ಅದು ಅವಳ ಇಷ್ಟ. ಬಂದ ಮೇಲೆ ಅತ್ತೆ ಕೊಟ್ಟ ಬಟ್ಟೆಯನ್ನು ತೋರಿಸುತ್ತಾಳೆ, ದಾರಿಯಲ್ಲಿ ಬಸ್ಸು ಕೆಟ್ಟದ್ದನ್ನು ಹೇಳುತ್ತಾಳೆ. ಅವನು ಹೇಗಿದ್ದಾನೆ ಎಂದು ನಾನು ಕೇಳುವುದಿಲ್ಲ. ಹೋದ ವರ್ಷ ಅವಳು ಚಪ್ಪಲಿ ಬಿಡುತ್ತ, "ಆಯಿ, ಪಪ್ಪಾ ಖೂಪ್ ಥಕಲೇ," ಬಹಳ ಸೋತಿದ್ದಾರೆ, ಎಂದಳು. ನಾನು ಅವಳಿಗೆ ಚಹಾ ಇಟ್ಟೆ.